ಬಾಗಿಲು ತಟ್ಟದೆ ಬರುವ ಚಂದಾ

1969ನೆಯ ಇಸವಿಯ ಚಳಿಗಾಲದಲ್ಲಿ ಉದ್ಯೋಗ ನಿಮಿತ್ತವಾಗಿ ದಿಲ್ಲಿಗೆ ಬಂದವನು ನಾನು. ಸರೋಜಿನಿ ನಗರದ ಸರಕಾರಿ ವಸತಿಯೊಂದರಲ್ಲಿ, ನಮ್ಮ ಸೀಮೆಯ ಹಿರಿಯ ಗುಮಾಸ್ತರೊಬ್ಬರ ಮನೆಯ ಹಿಂಬದಿಯ ಕೋಣೆ ನನಗೆ ದೊರೆತಿತ್ತು. ಆ ಮನೆಗೆ ಕನ್ನಡದ ಮಾಸಪತ್ರಿಕೆಯೊಂದು ಟಪಾಲಿನಲ್ಲಿ ತಪ್ಪದೆ ಬರುತ್ತಿತ್ತು. ವರ್ಷದ ಕಡೆಯ ಸಂಚಿಕೆಯೊಳಗೆ ಬೆರಳಗಲದ ಚೀಟಿಯೊಂದು ಇರುತ್ತಿತ್ತು. ಚಂದಾ ಮುಗಿಯಿತೆಂದೂ, ಮುಂದಿನ ವರ್ಷದ ಹಣ ಬಾರದಿದ್ದಲ್ಲಿ ಜನವರಿಯ ಸಂಚಿಕೆಯನ್ನು ವಿ.ಪಿ. ಮೂಲಕ ಕಳುಹಿಸಲಾಗುವುದೆಂದೂ, ಅದನ್ನು ಹಿಂತಿರುಗಿಸಿ ಪತ್ರಿಕೆಗೆ ನಷ್ಟವುಂಟುಮಾಡಬಾರದೆಂದೂ ಅದರಲ್ಲಿ ಬಿನ್ನಹವಿರುತ್ತಿತ್ತು.

ಜನವರಿಯ ಎರಡನೆಯ ಶನಿವಾರ. ಕಚೇರಿಗೆ ರಜೆ. ಅಂಚೆಯವನು ಬಾಗಿಲು ತಟ್ಟಿ, "ವೀಪೀ ಹೈ, ಬಾಬೂಜೀ" ಎಂದು ಕೂಗಿದ. ನಮ್ಮ ಗುಮಾಸ್ತರು ಕಟ್ಟನ್ನು ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿಯೇ ಕ್ಷಣಕಾಲ ನಿಂತರು. ಆ ವರ್ಷ ಅವರ ಮಗಳಿಗೆ ದೀರ್ಘವಾದ ಕಾಯಿಲೆ. ಔಷಧಕ್ಕೇ ಸಂಬಳದ ಅರ್ಧ ಹೋಗುತ್ತಿತ್ತು. "ಈ ಸಲ ಬೇಡಾಂದ್ರೆ ಆಯ್ತು" ಎಂಬ ಮಾತು ಒಳಗಿನಿಂದ ಕೇಳಿಸಿತು. ಅವರು ಕಟ್ಟನ್ನು ಹಿಂದಕ್ಕೆ ಕೊಟ್ಟುಬಿಟ್ಟರು. ಆದರೆ ಅದೇ ಸಂಜೆ ಕುಳಿತು ಪತ್ರಿಕೆಯ ವ್ಯವಸ್ಥಾಪಕರಿಗೆ ಕಾರ್ಡೊಂದನ್ನು ಬರೆದರು. ಹತ್ತು ಹನ್ನೆರಡು ದಿನಗಳಲ್ಲಿ ಉತ್ತರ ಬಂತು. ಅನುಕೂಲವಾದಾಗ ಹಣ ಕಳುಹಿಸಿದರೆ ಸಾಕೆಂದೂ, ಮಗುವಿನ ಆರೋಗ್ಯದ ಬಗ್ಗೆ ತಿಳಿಸಬೇಕೆಂದೂ ಎರಡೇ ಸಾಲು. ಉತ್ತರದ ಹಿಂದೆಯೇ ಸಂಚಿಕೆಯೂ ಬಂತು.

ಐವತ್ತು ವರ್ಷಗಳಿಗೂ ಮಿಕ್ಕ ಹಳೆಯ ಈ ಸಂಗತಿ ಈಚೆಗೆ ಮತ್ತೆ ಮತ್ತೆ ನೆನಪಾಗಲು ಕಾರಣವುಂಟು. ಪತ್ರಿಕೆಯ ಚಂದಾ, ಸಂಘದ ಸದಸ್ಯತ್ವ, ಗ್ರಂಥಮಾಲೆಯ ವಾರ್ಷಿಕ ಹಣ, ಇವೆಲ್ಲವೂ ಈಗ ಅಂತರ್ಜಾಲದ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಕೊಳ್ಳುವುದು ಬಹು ಸುಲಭವಾಗಿದೆ. ಆದರೆ ಕೊಡುವವನಿಗೂ ಪಡೆಯುವವನಿಗೂ ನಡುವೆ ಆ ಹೊಸ್ತಿಲಿನಲ್ಲಿ ನಡೆಯುತ್ತಿದ್ದ ವ್ಯವಹಾರ, ಅಂದರೆ ಬಾಗಿಲು ತಟ್ಟುವುದು, ಬೇಕೆನ್ನುವುದು, ಬೇಡವೆನ್ನುವುದು, ಅದು ಎಲ್ಲಿ ಹೋಯಿತೆಂಬುದನ್ನು ವಾಚಕರೊಡನೆ ಕುಳಿತು ವಿಚಾರಿಸಬೇಕೆಂದು ಈ ಲೇಖನ.

ಮುಂಗಡದ ನಂಬಿಕೆ

ಚಂದಾ ಎಂಬುದು ನಮ್ಮ ಭಾಷೆಗೆ ಪಾರಸಿಯಿಂದ ಬಂದ ಮಾತು. ಸಾಮಾನ್ಯ ವ್ಯಾಪಾರಕ್ಕೂ ಚಂದಾಕ್ಕೂ ಇರುವ ಭೇದ ದೊಡ್ಡದು. ಅಂಗಡಿಯಲ್ಲಿ ಬೇಳೆ ಕೊಂಡರೆ ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಸರಕು. ಅಲ್ಲಿಗೆ ಸಂಬಂಧ ಮುಗಿಯಿತು. ಚಂದಾದಾರನಾದರೋ ಇಂದು ಹಣ ಕೊಟ್ಟು ಹನ್ನೆರಡು ತಿಂಗಳು ಕಾಯುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಳ್ಳಾಗಬೇಕಾದರೆ ಹಣ ಪಡೆದವನು ವರ್ಷವಿಡೀ ಮಾತನ್ನು ಉಳಿಸಿಕೊಳ್ಳಬೇಕು. ಆದ್ದರಿಂದ ಚಂದಾ ಮಾರುವವನು ನಿಜವಾಗಿ ಮಾರುವುದು ಕಾಗದವನ್ನಲ್ಲ, ತನ್ನ ಮಾತನ್ನು.

ಕನ್ನಡದ ಪುಸ್ತಕ ಪ್ರಪಂಚ ಬೆಳೆದದ್ದೇ ಈ ಮಾತಿನ ಬಲದ ಮೇಲೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಯಿಸಿದ ಗಳಗನಾಥರು (1869-1942) ತಮ್ಮ ಕಾದಂಬರಿಗಳ ಕಟ್ಟನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರ ಮನೆಬಾಗಿಲಿಗೆ ಮುಟ್ಟಿಸಿದವರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ವಾರ್ಷಿಕ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳನ್ನು ಕಳುಹಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಬರಲಿರುವ ಪುಸ್ತಕವನ್ನು ಚಂದಾದಾರನು ಕಂಡಿರಲಿಲ್ಲ. ಕೆಲವೊಮ್ಮೆ ಲೇಖಕನ ಹೆಸರನ್ನೂ ಕೇಳಿರಲಿಲ್ಲ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದದ್ದು ಇಲ್ಲಿಂದಲೇ. ಅಂದಿಗೆ ಅವರು ಇಪ್ಪತ್ತಮೂರು ವರ್ಷದ ತರುಣ. ಹೊಸಬನ ಪುಸ್ತಕವನ್ನು ಅಚ್ಚುಹಾಕುವ ಧೈರ್ಯ ಪ್ರಕಾಶಕರಿಗೆ ಬರುವುದು, ಕಾಣದ ಪುಸ್ತಕಕ್ಕೆ ಹಣ ಕೊಟ್ಟ ಓದುಗರು ಬೆನ್ನ ಹಿಂದೆ ಇರುವಾಗ.

ಈ ನಂಬಿಕೆಗೆ ವಾಹನವಾಗಿದ್ದುದು ಅಂಚೆಯ ಇಲಾಖೆ. ವಿ.ಪಿ. ಪದ್ಧತಿ ನಮ್ಮ ದೇಶದಲ್ಲಿ 1877ರಲ್ಲಿ ಆರಂಭವಾಯಿತು. ಅಂಚೆಯ ಮನಿಯಾರ್ಡರು 1880ರಲ್ಲಿ. ವಿ.ಪಿ.ಯಲ್ಲಿ ಅಂಚೆಯವನು ಕಟ್ಟನ್ನು ಕೊಟ್ಟು, ಅದರ ಬೆಲೆಯನ್ನು ವಸೂಲುಮಾಡಿ, ಕಳುಹಿಸಿದವನಿಗೆ ಮುಟ್ಟಿಸುತ್ತಿದ್ದನು. ಚಂದಾ ಮುಗಿದವರಿಗೆ ಕೇಳದೆಯೇ ವಿ.ಪಿ. ಕಳುಹಿಸುವುದೆಂದರೆ ಮೌನವನ್ನು ಸಮ್ಮತಿಯೆಂದು ತಿಳಿಯುವುದೇ ಸರಿ. ಆದರೂ ಅದರಲ್ಲಿ ಒಂದು ಮರ್ಯಾದೆಯಿತ್ತು. ಹಣ ಗೃಹಸ್ಥನ ಜೇಬಿನಿಂದ ಹೊರಬೀಳುವ ಮೊದಲು ಯಾರೋ ಒಬ್ಬರು ಬಂದು ಅವನ ಬಾಗಿಲು ತಟ್ಟುತ್ತಿದ್ದರು. ಬೇಡವೆನ್ನುವ ಅವನ ಅಧಿಕಾರ ಆ ಹೊಸ್ತಿಲಿನಲ್ಲಿ ಅಬಾಧಿತವಾಗಿತ್ತು.

ರಾಜಧಾನಿ ಬೆಳೆದ ಪರಿ

ಹಳೆಯದೆಲ್ಲವೂ ಚಿನ್ನವೆಂದು ನಾನು ಹೇಳುವುದಿಲ್ಲ. ನಾವು ಬಂದ ಕಾಲದಲ್ಲಿ ನಮ್ಮವರಲ್ಲಿ ಬಹುಮಂದಿ ಸರಕಾರಿ ನೌಕರರು. ಸರೋಜಿನಿ ನಗರ, ರಾಮಕೃಷ್ಣಪುರಂ, ಕರೋಲ್ ಬಾಗ್ ಎಂದು ಕೆಲವೇ ಬಡಾವಣೆಗಳಲ್ಲಿ ಗುಂಪಾಗಿ ಇರುತ್ತಿದ್ದೆವು. ಸಂಘದ ಖಜಾಂಚಿಗಳು ರಸೀದಿ ಪುಸ್ತಕ ಹಿಡಿದು ಭಾನುವಾರ ಹೊರಟರೆ ಮಧ್ಯಾಹ್ನದ ಊಟದೊಳಗೆ ಹತ್ತು ಮನೆ ಮುಗಿಸಬಹುದಾಗಿತ್ತು. ಇಂದು ಕನ್ನಡಿಗನೊಬ್ಬನ ಮನೆ ನೋಯ್ಡಾದಲ್ಲಿ, ಇನ್ನೊಬ್ಬನದು ಗುರುಗ್ರಾಮದಲ್ಲಿ, ಮತ್ತೊಬ್ಬನದು ಗಾಜಿಯಾಬಾದಿನ ವೈಶಾಲಿಯಲ್ಲಿ, ಮಗದೊಬ್ಬನದು ಫರೀದಾಬಾದಿನಲ್ಲಿ. ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘ 2023ರಲ್ಲಿ ಎಪ್ಪತ್ತೈದು ವರ್ಷಗಳನ್ನು ಪೂರೈಸಿದ ಸಂಭ್ರಮವನ್ನು ಆಚರಿಸಿತು. ಅಲ್ಲಿಗೆ ಗ್ರೇಟರ್ ನೋಯ್ಡಾದಿಂದ ಬಂದು ಹೋಗುವವನಿಗೆ ರಜೆಯ ಅರ್ಧದಿನ ರಸ್ತೆಯಲ್ಲಿಯೇ ಕಳೆದುಹೋಗುತ್ತದೆ. ವಾರ್ಷಿಕ ಹಣ ಕಟ್ಟುವುದಕ್ಕಾಗಿಯೇ ಅಷ್ಟು ದೂರ ಬರಬೇಕೆಂದು ತರುಣ ದಂಪತಿಗಳಿಗೆ ಹೇಳುವುದು ನ್ಯಾಯವಲ್ಲ.

ಅಂತರ್ಜಾಲದ ಅಂಗಡಿ ಇಂಥವರಿಗೆ ವರವೇ ಸರಿ. ರಾತ್ರಿ ಹತ್ತು ಗಂಟೆಗೆ ಮಗುವನ್ನು ಮಲಗಿಸಿದ ತಾಯಿಯೊಬ್ಬಳು ಕುಳಿತಲ್ಲಿಯೇ ಬೆಂಗಳೂರಿನ ವಾರಪತ್ರಿಕೆಗೆ, ಧಾರವಾಡದ ಗ್ರಂಥಮಾಲೆಗೆ, ದಿಲ್ಲಿಯ ಸಂಘಕ್ಕೆ ಹಣ ಕಳುಹಿಸಬಲ್ಲಳು. ಸಣ್ಣ ಸಂಸ್ಥೆಗಳಿಗೂ ಖರ್ಚು ಕಡಿಮೆ. ಯುಪಿಐ ಮೂಲಕ ಬರುವ ಹಣಕ್ಕೆ ಎಂಡಿಆರ್ ಎಂಬ ವ್ಯಾಪಾರಿ ಶುಲ್ಕವನ್ನು 2020ರ ಜನವರಿಯಿಂದ ತೆಗೆದುಹಾಕಲಾಗಿದೆ. ಅಂಗಡಿಯ ತಂತ್ರಾಂಶವನ್ನು ಒದಗಿಸುವವರು ತಮ್ಮ ಸೇವೆಗೆ ಕೇಳುವ ಹಣ ಮಾತ್ರ ಬೇರೆ. ಮುದ್ರಿತ ಪತ್ರಿಕೆಗೆ ಜಿಎಸ್‌ಟಿ ಇಲ್ಲ. ಪರದೆಯ ಮೇಲೆ ಮಾತ್ರ ಓದುವ ಪತ್ರಿಕೆಗೆ ತೆರಿಗೆ ಉಂಟು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ಪತ್ರಿಕೆಯವರು ಈ ಲೆಕ್ಕವನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಇವೆಲ್ಲ ನಿವಾರಿಸಬಹುದಾದ ತೊಡಕುಗಳು. ಕಷ್ಟವಿರುವುದು ಬೇರೆಡೆಯಲ್ಲಿ.

ಉಪ್ಪಿನಕಾಯಿ ಮಾರುವ ಅಂಗಡಿ

ಕೆಲವು ಕಾಲದ ಹಿಂದೆ ನನ್ನ ಮೆಚ್ಚಿನ ಮಾಸಪತ್ರಿಕೆಯೊಂದು ಅಂತರ್ಜಾಲದಲ್ಲಿ ಅಂಗಡಿ ತೆರೆಯಿತೆಂದು ತಿಳಿದು ಸಂತೋಷಗೊಂಡೆ. ಎರಡು ನಿಮಿಷದಲ್ಲಿ ವಾರ್ಷಿಕ ಚಂದಾ ಸಂದಾಯವಾಯಿತು. ಕೃತಜ್ಞತೆಯ ಸಂದೇಶವೂ ಮೊಬೈಲಿಗೆ ಬಂತು. ಮುಂದಿನ ತಿಂಗಳ ಸಂಚಿಕೆ ಬಂತು. ಅಲ್ಲಿಗೆ ಸರಿ, ಮೂರು ತಿಂಗಳು ಕಾದರೂ ಮತ್ತೊಂದು ಸಂಚಿಕೆಯ ಸುಳಿವಿಲ್ಲ. ಕಾಗದ ಬರೆದೆ. "ನಿಮ್ಮ ಆರ್ಡರ್ ಯಶಸ್ವಿಯಾಗಿ ಪೂರ್ಣಗೊಂಡಿದೆ" ಎಂದು ಯಂತ್ರ ಉತ್ತರಿಸಿತು.

ಕೊನೆಗೆ ದೂರವಾಣಿಯಲ್ಲಿ ಸಂಪಾದಕರೇ ಸಿಕ್ಕರು. ಬಹಳ ನೊಂದುಕೊಂಡರು. ವಿಚಾರಿಸಿ ನೋಡಲು ಹೊರಬಿದ್ದ ಸಂಗತಿ ಇಷ್ಟು: ಅವರ ಪರಿಚಯದ ಹುಡುಗನೊಬ್ಬ ಕಟ್ಟಿಕೊಟ್ಟ ಆ ಅಂಗಡಿ, ಉಪ್ಪಿನಕಾಯಿ ಹಪ್ಪಳಗಳನ್ನು ಮಾರುವುದಕ್ಕೆ ಯೋಗ್ಯವಾದದ್ದು. ಒಂದು ಹಣ, ಒಂದು ಸರಕು. ಸರಕು ಹೊರಟಿತೆಂದರೆ ಲೆಕ್ಕ ಮುಚ್ಚಿತು. ಮೊದಲ ಸಂಚಿಕೆ ರವಾನೆಯಾದೊಡನೆ ನನ್ನ ಹೆಸರು ಮುಗಿದವರ ಪಟ್ಟಿಗೆ ಹೋಗಿಬಿಟ್ಟಿತ್ತು. ಟಪಾಲಿನ ವಿಳಾಸಗಳನ್ನು ಬರೆದಿಡುವ ಕಚೇರಿಯ ದಪ್ಪ ಪುಸ್ತಕಕ್ಕೂ ಅಂತರ್ಜಾಲದ ಅಂಗಡಿಗೂ ಸಂಬಂಧವೇ ಇರಲಿಲ್ಲ. ಉಳಿದ ಸಂಚಿಕೆಗಳನ್ನು ಅವರು ಒಟ್ಟಿಗೆ ಕಟ್ಟಿ ಕಳುಹಿಸಿದರೆನ್ನಿ. ಆದರೆ ದೂರವಾಣಿ ಮಾಡದ ಓದುಗರೆಷ್ಟು ಮಂದಿಯೋ! ಅವರೆಲ್ಲರೂ ಪತ್ರಿಕೆ ಮೋಸಮಾಡಿತೆಂದೇ ತಿಳಿದಿರಬೇಕು. ಮೋಸವಲ್ಲ ಅದು, ಅಜಾಗರೂಕತೆ. ಫಲ ಮಾತ್ರ ಒಂದೇ.

ಚಂದಾ ಮಾರುವ ಅಂಗಡಿಗೆ ಬೇರೆಯೇ ಬುದ್ಧಿ ಬೇಕು. ಯಾವ ಸಂಚಿಕೆಯಿಂದ ಆರಂಭ, ಯಾವುದಕ್ಕೆ ಮುಕ್ತಾಯ. ಇದುವರೆಗೆ ಎಷ್ಟು ಹೋಗಿದೆ. ಓದುಗ ಮನೆ ಬದಲಿಸಿದರೆ ಹೊಸ ವಿಳಾಸ ಎಂದಿನಿಂದ. ಸಂಚಿಕೆ ಕಳೆದುಹೋದರೆ ಮರಳಿ ಕಳುಹಿಸುವವರು ಯಾರು. ನಡುವೆ ಬೇಡವೆಂದರೆ ಉಳಿದ ಹಣದ ಗತಿಯೇನು. ಇವಿಷ್ಟಕ್ಕೂ ಅಲ್ಲಿ ಜಾಗವಿರಬೇಕು. ಹಿಂದಿನ ವ್ಯವಸ್ಥಾಪಕರು ಇದನ್ನೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿ, ಚಂದಾ ನಂಬರಿನ ಮುಂದೆ ಗುರುತುಹಾಕಿ ನಿರ್ವಹಿಸುತ್ತಿದ್ದರು. ರಿಜಿಸ್ಟರು ಬದಲಾಗಬಹುದು, ಅದನ್ನು ನೋಡುವ ಕಣ್ಣು ಬದಲಾಗಕೂಡದು.

ಒಂದು ರೂಪಾಯಿಯ ಕಥೆ

ಹಣ ಪಡೆದು ಪತ್ರಿಕೆ ಕಳುಹಿಸದಿರುವುದು ಒಂದು ಬಗೆಯ ತಪ್ಪು. ಬೇಡವಾದ ಮೇಲೂ ಹಣ ಪಡೆಯುತ್ತಲೇ ಇರುವುದು ಇನ್ನೊಂದು ಬಗೆಯದು. ಅದರ ಅನುಭವವೂ ನಮ್ಮ ಮನೆಗೆ ಆಗಿದೆ.

ನೋಯ್ಡಾದಲ್ಲಿರುವ ನನ್ನ ಮಗಳ ಮನೆಯಲ್ಲಿ ಆರು ವರ್ಷದ ಮೊಮ್ಮಗಳಿಗಾಗಿ ಮಕ್ಕಳ ಕಥೆಗಳ ಆ್ಯಪ್ ಒಂದನ್ನು ತರಿಸಿದರು. ಮೊದಲ ತಿಂಗಳಿಗೆ ಒಂದೇ ರೂಪಾಯಿ. ಮಗು ಒಂದು ವಾರ ಕಥೆ ಕೇಳಿತು. ಬಳಿಕ, "ಅಜ್ಜಾ, ನೀನೇ ಹೇಳು" ಎಂದು ನನ್ನ ಕಡೆಗೆ ತಿರುಗಿತು. ಆ್ಯಪನ್ನು ಮೊಬೈಲಿನಿಂದ ಅಳಿಸಿದರು. ಏಳು ತಿಂಗಳ ನಂತರ ಬ್ಯಾಂಕಿನ ಲೆಕ್ಕ ನೋಡುವಾಗ, ಪ್ರತಿ ತಿಂಗಳೂ ಮುನ್ನೂರಕ್ಕೆ ಮಿಕ್ಕಿದ ಹಣ ಅತ್ತ ಹರಿದುಹೋಗಿದ್ದುದು ಕಂಡಿತು. ಆ್ಯಪನ್ನು ಅಳಿಸಿದರೆ ಒಪ್ಪಂದ ಅಳಿಯುವುದಿಲ್ಲವೆಂಬುದು ಆಗಲೇ ನಮಗೆ ತಿಳಿದದ್ದು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಬಾಗಿಲು ತಟ್ಟಬೇಕೆಂಬ ಕಟ್ಟಳೆಯನ್ನು ನಮ್ಮ ರಿಸರ್ವ್ ಬ್ಯಾಂಕು ಮಾಡಿಯೇ ಇದೆ. 2019ರ ಆಗಸ್ಟಿನಲ್ಲಿ ಹೊರಡಿಸಿ 2021ರ ಅಕ್ಟೋಬರ್ 1ರಿಂದ ಕಡ್ಡಾಯಗೊಳಿಸಿದ ನಿಯಮದಂತೆ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಏರ್ಪಾಡಿಗೆ ಗಿರಾಕಿ ಮೊದಲಿಗೆ ಸ್ವತಃ ದೃಢೀಕರಣ ಕೊಡಬೇಕು. ಪ್ರತಿಯೊಂದು ಕಡಿತಕ್ಕೂ ಕನಿಷ್ಠ 24 ಗಂಟೆಗಳ ಮುಂಚೆ ಅವನಿಗೆ ಸೂಚನೆ ಹೋಗಬೇಕು. ಆ ಕಂತನ್ನಾಗಲಿ ಇಡೀ ಒಪ್ಪಂದವನ್ನಾಗಲಿ ನಿಲ್ಲಿಸುವ ಹಕ್ಕು ಅವನಿಗಿರಬೇಕು. 2022ರ ಜೂನಿನಿಂದ 15,000 ರೂಪಾಯಿಯವರೆಗಿನ ಕಂತುಗಳು ಪ್ರತಿ ಸಲ ಓಟಿಪಿ ಇಲ್ಲದೆ ಸಂದಾಯವಾಗಬಹುದು. ನಮ್ಮ ಪತ್ರಿಕೆಗಳ, ಸಂಘಗಳ ಚಂದಾ ಈ ಮಿತಿಯೊಳಗೇ ಬರುತ್ತದೆ. ಯುಪಿಐಯಲ್ಲಿ ಆಟೋಪೇ ಎಂಬ ಏರ್ಪಾಡು 2020ರ ಜುಲೈಯಿಂದ ಇದೆ.

ಹಾಗಾದರೆ ನನ್ನ ಮಗಳ ಮೊಬೈಲಿಗೆ ಸೂಚನೆ ಬಂದಿರಲಿಲ್ಲವೇ? ಬಂದಿತ್ತು. ಏಳು ಸಲವೂ ಬಂದಿತ್ತು. ಸಾಲ ಬೇಕೇ, ಮನೆ ಬೇಕೇ, ಬಹುಮಾನ ಬಂದಿದೆ ಎಂಬ ನೂರು ಸಂದೇಶಗಳ ನಡುವೆ, ಇಂಗ್ಲಿಷಿನ ಸಂಕ್ಷೇಪಾಕ್ಷರಗಳಲ್ಲಿ ಬಂದು ಹೋಗಿತ್ತು. ಸಂತೆಯ ಗದ್ದಲದ ನಡುವೆ ಯಾರೋ ಬಾಗಿಲು ತಟ್ಟಿದಂತೆ. ಕಾನೂನಿನ ಮಟ್ಟಿಗೆ ತಟ್ಟಿದ್ದು ನಿಜ. ಕೇಳಿಸದಿದ್ದುದೂ ಅಷ್ಟೇ ನಿಜ.

ಒಂದು ಮಹಾಕಾವ್ಯದ ಎರಡು ಹೆಸರುವಾಸಿ

ಈ ವಿಷಯದಲ್ಲಿ ಹೊರದೇಶದ ಒಂದು ಕುತೂಹಲಕರ ಸಂಗತಿಯನ್ನು ಹೇಳದಿರಲಾರೆ. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ಹೋಮರನ 'ಇಲಿಯಡ್' ಮಹಾಕಾವ್ಯವನ್ನು ಭಾಷಾಂತರಿಸಿ 1715ರಿಂದ 1720ರವರೆಗೆ ಆರು ಸಂಪುಟಗಳಲ್ಲಿ ಹೊರತಂದನು. ಮುಂಗಡವಾಗಿ ಚಂದಾ ಎತ್ತಿಯೇ ಈ ಕಾರ್ಯ ನಡೆಯಿತು; ಸಂಪುಟವೊಂದಕ್ಕೆ ಒಂದು ಗಿನಿ. ಹಣ ಕೊಟ್ಟವರ ಹೆಸರುಗಳನ್ನು ಗ್ರಂಥದಲ್ಲಿ ಗೌರವಪೂರ್ವಕವಾಗಿ ಅಚ್ಚುಹಾಕಿದರು. ಚಂದಾದಾರರ ಬಲದಿಂದ ಆ ಕವಿ ಶ್ರೀಮಂತರ ಹಂಗಿಲ್ಲದೆ ಬದುಕುವಂತಾಯಿತು.

ಮುನ್ನೂರು ವರ್ಷಗಳ ತರುವಾಯ ಅದೇ ಮಹಾಕಾವ್ಯದ ಹೆಸರು ಇನ್ನೊಂದು ಚಂದಾ ಪ್ರಕರಣದಲ್ಲಿ ಕಾಣಿಸಿಕೊಂಡಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಸಂಸ್ಥೆ 2023ರಲ್ಲಿ ಅಮೆಜಾನ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿ, 'ಪ್ರೈಮ್' ಸದಸ್ಯತ್ವಕ್ಕೆ ಜನರನ್ನು ಅವರಿಗರಿವಿಲ್ಲದಂತೆ ಸೇರಿಸಲಾಗುತ್ತಿದೆ, ಬಿಡಲು ಹೊರಟವರನ್ನು ಪುಟದಿಂದ ಪುಟಕ್ಕೆ ಅಲೆಸಲಾಗುತ್ತಿದೆ ಎಂದು ಆಪಾದಿಸಿತು. ಸದಸ್ಯತ್ವವನ್ನು ಬಿಡುವ ಆ ಸುದೀರ್ಘ ವಿಧಾನಕ್ಕೆ ಕಂಪನಿಯೊಳಗೆ 'ಇಲಿಯಡ್' ಎಂದೇ ಹೆಸರಿಟ್ಟಿದ್ದರೆಂದು ದೂರಿನಲ್ಲಿ ಹೇಳಿತ್ತು. ಕಂಪನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ; ಆದರೆ 2025ರ ಸೆಪ್ಟೆಂಬರಿನಲ್ಲಿ ಒಟ್ಟು 250 ಕೋಟಿ ಡಾಲರು ಕೊಟ್ಟು ರಾಜಿಯಾಯಿತು. ಅದರಲ್ಲಿ 150 ಕೋಟಿ ಗಿರಾಕಿಗಳಿಗೆ ಮರಳಿ ಸಲ್ಲತಕ್ಕ ಹಣ. ಒಂದು ಕಾಲದಲ್ಲಿ ಚಂದಾದಾರನ ಹೆಸರನ್ನು ಗ್ರಂಥದ ಮೊದಲಿಗೆ ಬರೆದು ಗೌರವಿಸಿದ ಕಾವ್ಯದ ಹೆಸರು, ಇನ್ನೊಂದು ಕಾಲಕ್ಕೆ ಅವನನ್ನು ಹೊರಹೋಗದಂತೆ ತಡೆಯುವ ಹಾದಿಗೆ ಬಂದದ್ದು ವಿಧಿಯ ವಿಡಂಬನೆಯಲ್ಲದೆ ಮತ್ತೇನು?

ನಮ್ಮ ದೇಶದಲ್ಲಿಯೂ ಸರಕಾರ ಎಚ್ಚತ್ತಿದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗದರ್ಶಿ ಸೂತ್ರಗಳಲ್ಲಿ, ಅಂತರ್ಜಾಲದ ವ್ಯಾಪಾರದಲ್ಲಿ ನಡೆಯುವ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿದೆ. ಅವುಗಳಲ್ಲಿ ಒಂದು ಚಂದಾದ ಬಲೆ. ಬಿಡುವ ದಾರಿಯನ್ನು ಮರೆಮಾಡುವುದು, ಅದನ್ನು ಸುತ್ತುಬಳಸು ಮಾಡುವುದು, ಉಚಿತವೆಂದು ಹೇಳಿ ಖಾತೆಯ ವಿವರವನ್ನು ಮೊದಲೇ ಕೇಳುವುದು, ಇವೆಲ್ಲ ಅದರೊಳಗೆ ಬರುತ್ತವೆ. ಗಿರಾಕಿಯ ಸಮ್ಮತಿಯ ಗುರುತನ್ನು ವ್ಯಾಪಾರಿಯೇ ಮೊದಲೇ ಹಾಕಿಟ್ಟಿರಬಾರದೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ಕೊಡಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಬಹುದು. ಕನ್ನಡಿಗರಿಗೆ ಈ ಸಂಖ್ಯೆ ಮರೆಯದು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷವೂ ಅದೇ.

ಸದಸ್ಯತ್ವ ಸರಕಲ್ಲ

ಇನ್ನು ಸಂಘಗಳ ವಿಚಾರ. ಪತ್ರಿಕೆಯ ಚಂದಾದಾರ ಓದುಗ. ಸಂಘದ ಸದಸ್ಯನಾದರೋ ಮನೆಯ ಪಾಲುಗಾರ. ಅವನಿಗೆ ಮತವುಂಟು, ಲೆಕ್ಕ ಕೇಳುವ ಹಕ್ಕುಂಟು. ದಿಲ್ಲಿಯ ಸಂಘಗಳಿಗೆ ಅನ್ವಯಿಸುವುದು 1860ರ ಸೊಸೈಟಿಗಳ ನೋಂದಣಿ ಕಾಯಿದೆ. ಅದರ 15ನೆಯ ಕಲಮಿನಂತೆ, ಸಂಘದ ನಿಯಮಾನುಸಾರ ಪ್ರವೇಶ ಪಡೆದು, ಚಂದಾ ಕೊಟ್ಟು ಅಥವಾ ಸದಸ್ಯರ ಪಟ್ಟಿಗೆ ಸಹಿಮಾಡಿ, ನಿಯಮಾನುಸಾರ ರಾಜೀನಾಮೆ ಕೊಡದಿರುವವನೇ ಸದಸ್ಯ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಚಂದಾ ಬಾಕಿಯಿರುವವನು ಮತ ಹಾಕುವಂತಿಲ್ಲ, ಸದಸ್ಯನೆಂದು ಎಣಿಸಲ್ಪಡುವಂತೆಯೂ ಇಲ್ಲ. ಆದ್ದರಿಂದ ಸದಸ್ಯತ್ವವನ್ನು ಅಂಗಡಿಯ ಸರಕಿನಂತೆ 'ಈಗಲೇ ಕೊಳ್ಳಿ' ಎಂಬ ಗುಂಡಿಯ ಹಿಂದೆ ಇಡುವುದು ಎರಡು ಕಡೆಯಿಂದಲೂ ಅಪಾಯ. ಹಣ ಕೊಟ್ಟ ಕೂಡಲೇ ತಾನು ಸದಸ್ಯನೆಂದು ಒಬ್ಬನು ತಿಳಿಯುತ್ತಾನೆ. ಅವನ ಅರ್ಜಿ ಇನ್ನೂ ಸಮಿತಿಯ ಮುಂದೆ ಬಂದೇ ಇರುವುದಿಲ್ಲ. ಮತ್ತೊಬ್ಬನು ತಾನು ಸದಸ್ಯನೆಂದೇ ನಂಬಿರುತ್ತಾನೆ. ಅವನ ಹಣ ಯಾವಾಗಲೋ ನಿಂತುಹೋಗಿರುತ್ತದೆ.

ಈ ಎರಡನೆಯದು ನನ್ನ ಹಿರಿಯ ಮಿತ್ರರೊಬ್ಬರ ಪಾಲಿಗೆ ಬಂತು. ರಾಜಧಾನಿ ಪ್ರದೇಶದ ಕನ್ನಡ ಸಂಘವೊಂದರಲ್ಲಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲದ ಸದಸ್ಯರು ಅವರು. ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದವರು, ಊರಿನಿಂದ ಬಂದ ನಾಟಕ ಮಂಡಳಿಗೆ ಮನೆಯಲ್ಲಿ ಊಟವಿಕ್ಕಿದವರು. ಸಂಘ ಅಂತರ್ಜಾಲದ ಅಂಗಡಿ ತೆರೆದಾಗ, ಗುರುಗ್ರಾಮದಲ್ಲಿರುವ ಮಗ ತಂದೆಗೆ ಅನುಕೂಲವಾಗಲೆಂದು ವಾರ್ಷಿಕ ಹಣ ತಾನಾಗಿ ಹೋಗುವಂತೆ ಅವರ ಬ್ಯಾಂಕಿನ ಕಾರ್ಡನ್ನು ಜೋಡಿಸಿಟ್ಟ. ಎರಡು ವರ್ಷ ಸರಿಯಾಗಿ ನಡೆಯಿತು. ಮೂರನೆಯ ವರ್ಷ ಕಾರ್ಡಿನ ಅವಧಿ ತೀರಿ ಹೊಸದು ಬಂತು. ಹಳೆಯ ಒಪ್ಪಂದ ಹಳೆಯ ಕಾರ್ಡಿನೊಡನೆ ಸತ್ತಿತು. ಹಣ ಬರಲಿಲ್ಲವೆಂಬ ಸೂಚನೆ ಮಗನ ಇಮೇಲಿಗೆ ಹೋಗಿ ಅಲ್ಲಿಯೇ ಉಳಿಯಿತು.

ಸರ್ವಸದಸ್ಯರ ಸಭೆಯ ದಿನ ಹಿರಿಯರು ಎರಡು ಮೆಟ್ರೋ ಬದಲಿಸಿ ಬಂದರು. ಬಾಗಿಲಲ್ಲಿ ಪಟ್ಟಿ ಹಿಡಿದು ಕುಳಿತಿದ್ದ ತರುಣ ಕಾರ್ಯದರ್ಶಿ ಮೇಲೆ ಕೆಳಗೆ ಹುಡುಕಿ, ಸಂಕೋಚದಿಂದ ಎದ್ದು ನಿಂತು ಹೇಳಿದ: "ಸಾರ್, ಕಂಪ್ಯೂಟರಿನಲ್ಲಿ ತಮ್ಮ ಹೆಸರು ಬರುತ್ತಿಲ್ಲ. ಮತ ಹಾಕುವ ಹಾಗಿಲ್ಲ ಎಂದು ತೋರಿಸುತ್ತಿದೆ."

"ಅದಕ್ಕೆ ನನ್ನ ಪರಿಚಯ ಇಲ್ಲದಿರಬಹುದಪ್ಪಾ," ಎಂದರು ಅವರು. "ನಿನಗೆ ಇದೆಯಲ್ಲ?"

ತರುಣನ ತಪ್ಪೇನೂ ಇರಲಿಲ್ಲ. ಬಾಕಿ ಐದು ತಿಂಗಳಿನದು. ಅಂದೇ ಹಣ ಕಟ್ಟಿಸಿಕೊಂಡು ಒಳಗೆ ಬಿಟ್ಟಿದ್ದರೆ ಸೋತ ಪಕ್ಷದವರು ಚುನಾವಣೆಯನ್ನೇ ಪ್ರಶ್ನಿಸಬಹುದಾಗಿತ್ತು. ನಮ್ಮ ಹಿರಿಯರು ಹಿಂದಿನ ಸಾಲಿನಲ್ಲಿ ಪ್ರೇಕ್ಷಕರಾಗಿ ಕುಳಿತು, ಕಾಫಿ ಕುಡಿದು, ಮನೆಗೆ ಮರಳಿದರು. ಮರುವಾರ ನನ್ನೊಡನೆ ಹೇಳಿದ್ದು ಇಷ್ಟೇ: "ಮೊದಲು ಖಜಾಂಚಿ ಮನೆಗೆ ಬರುತ್ತಿದ್ದ. ಬಾರದ ವರ್ಷ ನಾನೇ ಹೋಗುತ್ತಿದ್ದೆ. ಯಾರಾದರೂ ಒಬ್ಬರು ಒಬ್ಬರನ್ನು ಕೇಳುತ್ತಿದ್ದೆವು. ಈ ಸಲ ಯಾರೂ ಕೇಳಲಿಲ್ಲ ನೋಡಿ."

ಅಂಗಡಿ ಇರಲಿ, ಹೊಸ್ತಿಲೂ ಇರಲಿ

ಆದ್ದರಿಂದ ಅಂತರ್ಜಾಲದ ಅಂಗಡಿಯನ್ನು ಮುಚ್ಚಿಬಿಡೋಣವೇ? ಖಂಡಿತ ಕೂಡದು. ಅದನ್ನು ಮುಚ್ಚಿದರೆ ಗಾಜಿಯಾಬಾದಿನ ತರುಣ ತಾಯಿ ನಮಗೆ ದೂರವಾಗುತ್ತಾಳೆ. ಆದರೆ ಅದನ್ನು ನಡೆಸುವ ಪತ್ರಿಕೆ, ಸಂಘಗಳ ಮಹನೀಯರು ಕೆಲವು ಮಾತುಗಳನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥನೆ.

ಹಣ ತಾನಾಗಿ ಕಡಿತವಾಗುವ ಏರ್ಪಾಡನ್ನು ಗಿರಾಕಿ ತಾನೇ ಬಯಸಿದರೆ ಮಾತ್ರ ಕೊಡಬೇಕು. ಒಂದು ವರ್ಷಕ್ಕೆ ಕಟ್ಟಿ ಮುಗಿಸುವ ದಾರಿ ಸದಾ ಮೊದಲಿಗೆ ಕಾಣುವಂತಿರಬೇಕು. ಅವಧಿ ತೀರುವ ತಿಂಗಳ ಮುಂಚೆ ಬ್ಯಾಂಕಿನ ಸೂಚನೆಯನ್ನು ನಂಬಿ ಕೂರದೆ ತಾವೇ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು: ಇಷ್ಟು ಹಣ, ಇಂಥ ದಿನ, ಬೇಡವಾದರೆ ಹೀಗೆ ತಿಳಿಸಿ ಎಂದು. ಸೇರಲು ಎಷ್ಟು ಹೆಜ್ಜೆಯೋ ಬಿಡಲೂ ಅಷ್ಟೇ ಹೆಜ್ಜೆ ಸಾಕು. ಸಂಘದ ಮಟ್ಟಿಗೆ, ಹಣ ಬಂದದ್ದು ಅರ್ಜಿಯಷ್ಟೇ, ಪ್ರವೇಶ ಸಮಿತಿಯದು ಎಂಬುದನ್ನು ಹಣ ಕೇಳುವ ಪುಟದಲ್ಲಿಯೇ ಸ್ಪಷ್ಟಪಡಿಸಬೇಕು. ಅರ್ಜಿ ಒಪ್ಪಿಗೆಯಾಗದಿದ್ದರೆ ಹಣ ಎಷ್ಟು ದಿನಗಳಲ್ಲಿ ಮರಳುವುದೆಂದೂ ಹೇಳಬೇಕು. ಹಣ ವಿಫಲವಾದವರ ಪಟ್ಟಿಯನ್ನು ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಓದಬೇಕು, ಮೂರು ತಿಂಗಳ ಗಡುವು ತೀರುವ ಮುನ್ನ ದೂರವಾಣಿಯನ್ನೆತ್ತಿ, "ಆರೋಗ್ಯವೇ? ಈ ಸಲದ ಹಣ ಬಂದಿಲ್ಲ" ಎಂದು ಕೇಳಬೇಕು. ಸದಸ್ಯರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳು ಅನ್ಯರ ಕೈಗೆ ಹೋಗದಂತೆ ಕಾಯಬೇಕು. ಇದು 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಯ ಆಶಯವೂ ಹೌದು, ನಂಬಿದವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆಯೂ ಹೌದು.

ವಾಚಕರಿಗೂ ಒಂದು ಮಾತು. ಈ ವಾರ ಬಿಡುವು ಮಾಡಿಕೊಂಡು ತಮ್ಮ ಯುಪಿಐ ಆ್ಯಪಿನಲ್ಲಿ ಆಟೋಪೇ ಎಂಬ ಕಡೆ ನೋಡಿರಿ; ಕಾರ್ಡಿನ ಒಪ್ಪಂದಗಳೇನಾದರೂ ಇದ್ದರೆ ಬ್ಯಾಂಕಿನಲ್ಲಿ ವಿಚಾರಿಸಿರಿ. ಅಲ್ಲಿ ಬೇಡವಾದದ್ದು ಎಷ್ಟೋ ಹರಿಯುತ್ತಿರಬಹುದು; ಬೇಕಾದದ್ದು ನಿಂತುಹೋಗಿರಲೂ ಬಹುದು. ಬೇಡವಾದದ್ದನ್ನು ನಿಲ್ಲಿಸಿ ಉಳಿದ ಹಣದಲ್ಲಿ ಕನ್ನಡದ ಒಂದು ಪತ್ರಿಕೆಗೆ ವರ್ಷದ ಚಂದಾ ಕಟ್ಟಿದರೆ, ಕಾಣದ ಒಬ್ಬ ಹೊಸ ಲೇಖಕನಿಗೆ ಧೈರ್ಯ ಕೊಟ್ಟಂತಾಗುತ್ತದೆ.

ನಮ್ಮ ಹಿರಿಯ ಮಿತ್ರರ ಸಂಘದವರು ಬಳಿಕ ಸುಮ್ಮನಿರಲಿಲ್ಲ. ಎಪ್ಪತ್ತು ದಾಟಿದ ಸದಸ್ಯರ ಪಟ್ಟಿಯೊಂದನ್ನು ಮಾಡಿ ಇಬ್ಬರು ತರುಣರಿಗೆ ಹಂಚಿದ್ದಾರೆ. ಕಳೆದ ತಿಂಗಳು ಅದೇ ಕಾರ್ಯದರ್ಶಿ ಭಾನುವಾರ ಬೆಳಿಗ್ಗೆ ಹಿರಿಯರ ಮನೆಗೆ ಹೋದನಂತೆ. ಮೊಬೈಲಿನಲ್ಲಿಯೇ ಹಣ ಕಟ್ಟಿಸಿಕೊಂಡ. ರಸೀದಿಯೂ ಮೊಬೈಲಿಗೇ ಬಂತು. ಅದಕ್ಕೆ ತಗುಲಿದ್ದು ಎರಡು ನಿಮಿಷ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹಳೆಯ ನಾಟಕಗಳ ಭಾವಚಿತ್ರಗಳನ್ನು ನೋಡಿ ಹೊರಡುವಾಗ ಒಂದೂವರೆ ಗಂಟೆಯಾಗಿತ್ತು. ಅವನು ಬಂದಾಗ ಕರೆಗಂಟೆ ಕೆಟ್ಟಿತ್ತಂತೆ, ಬಾಗಿಲು ತಟ್ಟಬೇಕಾಯಿತಂತೆ.